ಮನೆಯಂಗಳದಲ್ಲೇ ಆಲ್ಟೊ ಆಕ್ಸಲ್ ಬದಲಿಸಿ, ಗೇರ್ ಆಯಿಲ್ ತುಂಬುವುದು ಹೇಗೆ?

ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಹತ್ತುವಾಗ ಗಾಡಿ ಎಳೆಯುತ್ತಲೇ ಸ್ಟೀರಿಂಗ್ ಫುಲ್ ಕಟ್ ಮಾಡಬೇಕು. ಎರಡು ಮಳೆಗಾಲದ ಹಿಂದೆ ಅಲ್ಲಿ ಹತ್ತುತ್ತಿದ್ದಾಗ ಬಲಕ್ಕೆ ತಿರುಗಿಸಿದಾಗಲೆಲ್ಲ ಎಡ ಮುಂಚಕ್ರದ ಹತ್ತಿರ ಕಟ್ ಕಟ್ ಕಟ್ ಎಂದು ಸದ್ದು ಬಂತು. ನೇರ ರಸ್ತೆಗೆ ಬಂದರೆ ಸದ್ದು ಇಲ್ಲ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಎಳೆತ ಒಯ್ಯುವ ಆಕ್ಸಲ್ ಹೋಗಿದೆ ಎಂದು ಆಗಲೇ ಗೊತ್ತಾಯಿತು. ಮನೆಗೆ ಬಂದು ಆ ಭಾನುವಾರವೇ ಅಂಗಳದಲ್ಲಿ ಬದಲಿಸಿದೆ.

ಗ್ಯಾರೇಜಿಗೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತೀರಿ, ಅಲ್ವಾ? ಅದಕ್ಕೂ ಮೊದಲು ಒಮ್ಮೆ ಬಲಗಡೆಯ ಆಕ್ಸಲ್ ಅನ್ನು ಒಂದು ಗ್ಯಾರೇಜಿನಲ್ಲಿ ಬದಲಿಸಿದ್ದೆ. ಆಕ್ಸಲ್ ಹೊರಗೆ ಎಳೆದಾಗ ಗೇರ್ ಬಾಕ್ಸಿನ ಎಣ್ಣೆ ನೆಲಕ್ಕೆ ಹರಿದಿತ್ತು. ಅದನ್ನು ಮತ್ತೆ ತುಂಬಿರಲಿಲ್ಲ. ನಾನೂ ಕೇಳಲಿಲ್ಲ. ಎಂಟು ತಿಂಗಳಿಗೆ ಐದನೇ ಗೇರಿನಲ್ಲಿ ಗುಂಯ್ ಎಂಬ ಕೂಗು ಶುರುವಾಯಿತು. ಬಿಚ್ಚಿ ನೋಡಿದರೆ ಬೇರಿಂಗ್ ಸುಟ್ಟಿತ್ತು. ಆಕ್ಸಲ್‌ಗೆ ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಗೇರ್ ಬಾಕ್ಸಿಗೆ ಹೋಯಿತು.

ಎಂಜಿನ್ ಆಯಿಲ್ ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಗೇರ್ ಆಯಿಲ್‌ಗೆ ಅಂಥ ದೀಪ ಇಲ್ಲ. ಅದಕ್ಕೇ ಈ ಬರಹದಲ್ಲಿ ಆಕ್ಸಲ್‌ನಷ್ಟೇ ಎಣ್ಣೆಯ ಬಗ್ಗೆಯೂ ಹೇಳುತ್ತೇನೆ. ಎಣ್ಣೆ ಮಟ್ಟಕ್ಕೆ ಬಂದ ಮೇಲೇ ಆಕ್ಸಲ್ ಕೆಲಸ ಮುಗಿದಂತೆ.

ನಾನು ಹೇಳುವುದು ಹಳೆಯ ಮಾರುತಿ ಆಲ್ಟೊ ಲೆಕ್ಕದಲ್ಲಿ. 800, ವ್ಯಾಗನ್ ಆರ್, ಜೆನ್ ಕಾರುಗಳಲ್ಲೂ ಕ್ರಮ ಹೆಚ್ಚು ಕಡಿಮೆ ಇದೇ. ನಟ್ಟಿನ ಅಳತೆ, ಬಿಗಿಯ ಲೆಕ್ಕ ಮಾತ್ರ ನಿಮ್ಮ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಮೊದಲು ಏನು ಹೋಗಿದೆ ಎಂದು ತಿಳಿಯಿರಿ

ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ನಡುವೆ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಇರುತ್ತಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಬಹುಪಾಲು ಚಿಕ್ಕ ಕಾರುಗಳಲ್ಲಿ ಮುಂಚಕ್ರವೇ ಎಳೆಯುತ್ತದೆ. ಗೇರ್ ಬಾಕ್ಸಿನ ಎರಡೂ ಬದಿಯಿಂದ ಒಂದೊಂದು ಶಾಫ್ಟ್ ಹೊರಟು ಚಕ್ರ ಸೇರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಆಕ್ಸಲ್ ಎನ್ನುತ್ತಾರೆ.

ಮುಂಚಕ್ರ ತಿರುಗಿ ಎಳೆಯಬೇಕು, ಜೊತೆಗೆ ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು. ಇಷ್ಟನ್ನೂ ಮಾಡಲು ಬಿಡುವುದು ಶಾಫ್ಟಿನ ತುದಿಯ ಸಿ.ವಿ. ಜಾಯಿಂಟ್, ಅಂದರೆ ಬಾಗಿದರೂ ಒಂದೇ ಸಮ ವೇಗದಲ್ಲಿ ತಿರುಗುವ ಕೀಲು. ಚಕ್ರದ ಕಡೆಯ ಜಾಯಿಂಟಿನಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿದ ತೋಡುಗಳಲ್ಲಿ ಉರುಳುತ್ತವೆ. ಫೋರ್ಡ್ ಎಂಜಿನಿಯರ್ ಆಲ್ಫ್ರೆಡ್ ಶೆಪ್ಪಾ 1920ರ ದಶಕದಲ್ಲಿ ಮಾಡಿದ ವಿನ್ಯಾಸ ಇದು. 1959ರಲ್ಲಿ ಬ್ರಿಟನ್ನಿನ ಮಿನಿ ಕಾರಿಗೆ ಹಾಕಿದ ಮೇಲೆ ಚಿಕ್ಕ ಕಾರುಗಳಲ್ಲೆಲ್ಲ ಬಂತು. ಅಷ್ಟು ಹಳೆಯದಾದರೂ ಇವತ್ತಿಗೂ ಅದೇ ನಡೆಯುತ್ತಿದೆ. ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದರೆ ಎಷ್ಟು ಚಂದದ ಕೆಲಸ ಎಂದು ಗೊತ್ತಾಗುತ್ತದೆ.

ಈ ಜಾಯಿಂಟ್‌ಗೆ ರಬ್ಬರ್ ಬೂಟ್ ಹೊದಿಸಿ ಒಳಗೆ ಗ್ರೀಸ್ ತುಂಬಿರುತ್ತಾರೆ. ಬೂಟ್ ಹರಿದರೆ ಗ್ರೀಸ್ ಹೊರಗೆ ಹಾರುತ್ತದೆ, ಕೆಸರು ಒಳಗೆ ಹೋಗುತ್ತದೆ. ಮಲೆನಾಡಿನ ಮಳೆಯಲ್ಲಿ ಹರಿದ ಬೂಟ್ ಇಟ್ಟುಕೊಂಡು ಓಡಿಸಿದರೆ ಜಾಯಿಂಟ್ ಬೇಗ ಸವೆಯುತ್ತದೆ. ಚಕ್ರದ ಒಳಮೈಯಲ್ಲಿ ಕರಿ ಗ್ರೀಸ್ ಚಿಮ್ಮಿದ ಗುರುತು ಇದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ಸದ್ದು ಇನ್ನೂ ಶುರುವಾಗಿಲ್ಲ ಎಂದರೆ ಬೂಟ್ ಕಿಟ್ ಹಾಕಿ ಉಳಿಸಿಕೊಳ್ಳಬಹುದು.

ತಿರುವಿನಲ್ಲಿ ಕಟ್ ಕಟ್ ಎಂದರೆ ಹೊರಗಿನ ಜಾಯಿಂಟ್. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಗಡಗಡ ನಡುಗಿ, ಕಾಲು ತೆಗೆದರೆ ನಿಂತರೆ ಹೆಚ್ಚಾಗಿ ಒಳಗಿನ ಜಾಯಿಂಟ್. ವೇಗಕ್ಕೆ ತಕ್ಕಂತೆ ಒಂದೇ ಸಮ ಗುಂಯ್ ಎನ್ನುವುದು ವೀಲ್ ಬೇರಿಂಗ್ ಸದ್ದು ಆಗಿರಬಹುದು. ಅದಕ್ಕೆ ಆಕ್ಸಲ್ ಬದಲಿಸಿದರೆ ಸುಮ್ನೆ ದುಡ್ಡು ದಂಡ.

ಏನೇನು ತಂದಿಟ್ಟುಕೊಳ್ಳಬೇಕು

ಹೊಸ ಆಕ್ಸಲ್ ಪೂರ್ತಿ ಸೆಟ್ ತನ್ನಿ. ಹೊರಗಿನ ಜಾಯಿಂಟ್ ಮಾತ್ರವೂ ಸಿಗುತ್ತದೆ, ಕಡಿಮೆ ಬೆಲೆ. ಆದರೆ ಎರಡೂ ಬೂಟ್ ಹಳೆಯದಾಗಿದ್ದರೆ ಪೂರ್ತಿ ಸೆಟ್ ಹಾಕುವುದೇ ವಾಸಿ ಎನ್ನುವುದು ನನ್ನ ಅನುಭವ. ಎಡ ಬಲದ ಆಕ್ಸಲ್ ಉದ್ದ ಬೇರೆ ಬೇರೆ, ಅಂಗಡಿಯಲ್ಲಿ ಯಾವ ಕಡೆಯದು ಎಂದು ಹೇಳಿ. ಕಾರಿನ ತಯಾರಿಕೆಯ ವರ್ಷವನ್ನೂ ಹೇಳಿ.

ಜೊತೆಗೆ ಆ ಕಡೆಯ ಗೇರ್ ಬಾಕ್ಸ್ ಆಯಿಲ್ ಸೀಲ್, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ತನ್ನಿ. ಬೆಲೆ ಕಡಿಮೆ, ಆದರೆ ಈಗ ಬದಲಿಸದಿದ್ದರೆ ಆಮೇಲೆ ಅದೊಂದಕ್ಕಾಗಿ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ಹೊಸ ಆಕ್ಸಲ್ ನಟ್, ಡ್ರೈನ್ ಬೋಲ್ಟಿಗೆ ವಾಷರ್ ಇದ್ದರೆ ಹೊಸದು, ಇಲ್ಲದಿದ್ದರೆ ಥ್ರೆಡ್ಡಿಗೆ ಹಚ್ಚುವ ಸೀಲೆಂಟ್ ಬೇಕು.

ಎಣ್ಣೆ ಕೊಳ್ಳುವಾಗ ಜಾಗ್ರತೆ. ಬಾಟಲಿ ಮೇಲೆ ಎರಡು ವಿಷಯ ನೋಡಿ. ಒಂದು ದಪ್ಪ, ಈ ಕಾರುಗಳಿಗೆ ಸಾಮಾನ್ಯವಾಗಿ 75ಡಬ್ಲ್ಯೂ-90. ಎರಡನೆಯದು ಜಿಎಲ್-4 ಎಂಬ ದರ್ಜೆ. ಅಂಗಡಿಯಲ್ಲಿ ಕೆಲವೊಮ್ಮೆ ಜಿಎಲ್-5 ಕೊಟ್ಟು, ಇದು ಇನ್ನೂ ಒಳ್ಳೇದು ಎನ್ನುತ್ತಾರೆ. ನಂಬರ್ ದೊಡ್ಡದು ಎಂದು ತಗೋಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ರಾಸಾಯನಿಕ ಜಾಸ್ತಿ. ಅದನ್ನು ಮಾಡಿರುವುದು ಹಿಂಚಕ್ರ ಎಳೆಯುವ ಭಾರೀ ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್‌ನಂಥ ಜಾಗಕ್ಕೆ. ನಮ್ಮ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿರುತ್ತವೆ. ಗೇರ್ ಬದಲಿಸುವಾಗ ಎರಡು ಗೇರಿನ ವೇಗ ಹೊಂದಿಸುವುದು ಅವೇ. ಅವು ಕೆಲಸ ಮಾಡಲು ಸ್ವಲ್ಪ ಉಜ್ಜಾಟ ಬೇಕು. ಎಣ್ಣೆ ತೀರಾ ಜಾರಿದರೆ ಗೇರ್ ಕರಕರ ಎನ್ನುತ್ತದೆ. ಆ ರಾಸಾಯನಿಕ ಹಿತ್ತಾಳೆಯನ್ನು ತಿನ್ನಲೂಬಹುದು. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿ.

ಈ ಗಾತ್ರದ ಗೇರ್ ಬಾಕ್ಸ್ ಸುಮಾರು 2ರಿಂದ 2.5 ಲೀಟರ್ ಹಿಡಿಯುತ್ತದೆ. ಒಂದು ಲೀಟರಿನ 3 ಬಾಟಲಿ ಇರಲಿ.

ಸಾಮಾನು: ಎರಡು ಜಾಕ್ ಸ್ಟ್ಯಾಂಡ್ (ನಾಲ್ಕಿದ್ದರೆ ಇನ್ನೂ ಒಳ್ಳೇದು), ಆಕ್ಸಲ್ ನಟ್ಟಿಗೆ ಸರಿಹೊಂದುವ ದೊಡ್ಡ ಸಾಕೆಟ್, ಉದ್ದ ಹಿಡಿಕೆ, ಹಿಡಿಕೆಗೆ ಸಿಕ್ಕಿಸಲು ಒಂದು ಕಬ್ಬಿಣದ ಪೈಪ್, ಬಿಗಿ ಅಳೆಯುವ ಟಾರ್ಕ್ ಪಾನಾ, ರಿಂಗ್ ಪಾನಾ ಸೆಟ್, ಟಾಮಿ (ಮೀಟುವ ಕಬ್ಬಿಣದ ಸರಳು), ಸುತ್ತಿಗೆ, ಮರದ ತುಂಡು, ಚಿಕ್ಕ ಉಳಿ, ಆಲಿಕೆ, ಒಂದೂವರೆ ಮೀಟರ್ ಪ್ಲಾಸ್ಟಿಕ್ ಪೈಪ್, ಅಗಲವಾದ ಹಳೆ ಬೇಸಿನ್. ಟಾರ್ಕ್ ಪಾನಾ ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ. ಬ್ರೇಕ್ ಒತ್ತಲು ಒಬ್ಬರು ಬೇಕು. ನನಗೆ ಅಕ್ಕನ ಮಗ ಇದ್ದ.

ಎಣ್ಣೆ ಇಳಿಸುವ ಮೊದಲು ತುಂಬುವ ಬೋಲ್ಟ್ ಬಿಚ್ಚಿ

ಈ ಒಂದು ಮಾತು ನೆನಪಿಡಿ. ಗೇರ್ ಬಾಕ್ಸಿನ ತಳದಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ. ಪಕ್ಕೆಯಲ್ಲಿ, ಸ್ವಲ್ಪ ಮೇಲೆ, ಎಣ್ಣೆ ತುಂಬುವ ಬೋಲ್ಟ್ ಇರುತ್ತದೆ. ವರ್ಷಗಟ್ಟಲೆ ಬಿಚ್ಚದ ಬೋಲ್ಟ್ ತುಕ್ಕು ಹಿಡಿದು ಅಲುಗದಿರಬಹುದು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಇದು ಬರಲಿಲ್ಲ ಎಂದರೆ ಕಾರು ಅಂಗಳ ಬಿಟ್ಟು ಕದಲುವಂತಿಲ್ಲ. ಅದಕ್ಕೇ ಮೊದಲು ಮೇಲಿನದನ್ನು ಸಡಿಲ ಮಾಡಿ ನೋಡಿ. ಬಂದರೆ ಮತ್ತೆ ಬಿಗಿ ಮಾಡಿ ಮುಂದುವರಿಯಿರಿ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಮಾರನೇ ದಿನ ನೋಡಿ.

ಯಾವ ಬೋಲ್ಟ್ ಎಂದು ಕೈಪಿಡಿಯ ಚಿತ್ರದಲ್ಲಿ ಖಚಿತ ಮಾಡಿಕೊಳ್ಳಿ. ಗೇರ್ ಬಾಕ್ಸಿನ ಮೈಮೇಲೆ ಬೇರೆ ಬೋಲ್ಟ್‌ಗಳೂ ಇವೆ. ಕೆಲವು ಒಳಗಿನ ರಿವರ್ಸ್ ಗೇರಿನ ಶಾಫ್ಟನ್ನು ಹಿಡಿದಿರುತ್ತವೆ. ಅಂದಾಜಿನ ಮೇಲೆ ಪಾನಾ ಹಾಕಬೇಡಿ.

ಬಿಚ್ಚುವುದು

ಹತ್ತು ನಿಮಿಷ ಕಾರು ಓಡಿಸಿ ಬನ್ನಿ. ಎಣ್ಣೆ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂಚಕ್ರಗಳಿಗೆ ಅಡ್ಡ ಕಲ್ಲು ಇಡಿ.

ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಬೇಕು. ಸ್ಪ್ಲಿಟ್ ಪಿನ್ ಇದ್ದರೆ ಎಳೆದು ತೆಗೆಯಿರಿ. ಪಿನ್ ಇಲ್ಲದಿದ್ದರೆ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಕೂರಿಸಿರುತ್ತಾರೆ. ಆ ಬಡಿದ ಜಾಗವನ್ನು ಉಳಿಯಿಂದ ಎತ್ತಿ. ಎತ್ತದೆ ಬಿಚ್ಚಿದರೆ ಶಾಫ್ಟಿನ ಥ್ರೆಡ್ ಹಾಳಾಗುತ್ತದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಹಿಡಿಕೆಗೆ ಪೈಪ್ ಸಿಕ್ಕಿಸಿ ನಿಧಾನಕ್ಕೆ ಭಾರ ಹಾಕಿ. ಜಗ್ಗಬೇಡಿ. ನಟ್ ಅಲುಗಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ಚಕ್ರದ ನಟ್‌ಗಳನ್ನೂ ಈಗಲೇ ಸಡಿಲ ಮಾಡಿ.

ಈಗ ಕಾರಿನ ಮೂತಿ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಮನೆ ಕಟ್ಟುವ ಟೊಳ್ಳು ಸಿಮೆಂಟ್ ಬ್ಲಾಕ್ ಆಸರೆಗೆ ಇಡುವುದನ್ನು ಹಳ್ಳಿಗಳಲ್ಲಿ ಬಹಳ ನೋಡಿದ್ದೇನೆ. ಅದು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಭುಜದಿಂದ ಅಲುಗಿಸಿ ನೋಡಿ. ಗಟ್ಟಿಯಾಗಿ ಕೂತಿದ್ದರೆ ಮಾತ್ರ ಮುಂದಕ್ಕೆ.

ಚಕ್ರ ಬಿಚ್ಚಿ ಬಾಗಿಲ ಕೆಳಗಿನ ಅಂಚಿನ (ಸಿಲ್) ಕೆಳಗೆ ಮಲಗಿಸಿ, ಇನ್ನೊಂದು ಆಸರೆ ಇದ್ದಂತೆ. ಬೇಸಿನ್ ಇಟ್ಟು ಡ್ರೈನ್ ಬೋಲ್ಟ್ ತೆಗೆಯಿರಿ. ಎಣ್ಣೆ ಕಾಡಿಗೆಯಂತೆ ಕಪ್ಪಗಿದ್ದರೂ ಹೆದರಬೇಡಿ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ರಾಗಿ ಹಿಟ್ಟಿನಷ್ಟು ನುಣ್ಣಗಿನ ಲೋಹದ ಪುಡಿ ಅಂಟಿರುತ್ತದೆ. ಅದು ಸಹಜ. ಕೈಗೆ ಚುಚ್ಚುವಂಥ ಚೂರು ಸಿಕ್ಕರೆ ಗೇರಿನ ಹಲ್ಲು ಮುರಿದಿರಬಹುದು. ಆಗ ಅನುಭವಿ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಎಣ್ಣೆ ಹಾಲಿನ ಚಹಾ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ ಕಾರುಗಳಲ್ಲಿ ಹೀಗಾಗುತ್ತದೆ.

ಇನ್ನು ಚಕ್ರ ಕೂರುವ ಹಬ್ ಹೊರಕ್ಕೆ ಹೊರಳಬೇಕು. ಹಬ್ಬನ್ನು ಕೆಳಗಿನ ತೋಳಿಗೆ (ಲೋವರ್ ಆರ್ಮ್) ಸೇರಿಸುವ ಬಾಲ್ ಜಾಯಿಂಟನ್ನು ಒಂದು ಅಡ್ಡ ಬೋಲ್ಟ್ ಹಿಡಿದಿರುತ್ತದೆ. ಅದನ್ನು ಪೂರ್ತಿ ಹೊರಗೆ ತೆಗೆಯಿರಿ. ಲೋವರ್ ಆರ್ಮ್ ಮೇಲೆ ಉದ್ದದ ಟಾಮಿ ಇಟ್ಟು ಕೆಳಕ್ಕೆ ಒತ್ತಿದರೆ ಬಾಲ್ ಜಾಯಿಂಟ್ ಕಳಚುತ್ತದೆ. ಅದರ ರಬ್ಬರಿಗೆ ಟಾಮಿ ತಾಗದಿರಲಿ. ಕೆಲವರು ಮೇಲಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್) ಬೋಲ್ಟ್ ಬಿಚ್ಚುತ್ತಾರೆ. ಅದನ್ನು ಮುಟ್ಟಿದರೆ ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ನನಗೆ ಕೆಳಗಿನ ದಾರಿಯೇ ಇಷ್ಟ.

ಆಕ್ಸಲ್ ನಟ್ಟನ್ನು ಶಾಫ್ಟಿನ ತುದಿಯ ಮಟ್ಟಕ್ಕೆ ತಂದು, ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ಬಡಿಯಿರಿ. ಶಾಫ್ಟ್ ಒಳಕ್ಕೆ ಸರಿದ ಮೇಲೆ ನಟ್ ತೆಗೆದು ಹಬ್ಬನ್ನು ಹೊರಕ್ಕೆ ತಿರುಗಿಸಿ ಶಾಫ್ಟ್ ಬಿಡಿಸಿ. ಬ್ರೇಕ್ ಹೋಸ್ ಎಳೆತಕ್ಕೆ ಸಿಗದಂತೆ ಕಣ್ಣಿಡಿ. ಎಬಿಎಸ್ ಇರುವ ಕಾರಾದರೆ ಸೆನ್ಸರ್ ತಂತಿಯನ್ನೂ ಮೊದಲೇ ಬಿಡಿಸಿಕೊಳ್ಳಿ.

ಒಳತುದಿಯನ್ನು ಗೇರ್ ಬಾಕ್ಸಿನಲ್ಲಿ ಒಂದು ಚಿಕ್ಕ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ) ಹಿಡಿದಿರುತ್ತದೆ. ಶಾಫ್ಟ್ ಹಿಡಿದು ಎಳೆದರೆ ಇದು ಬಿಡುವುದಿಲ್ಲ. ಒಳಗಿನ ಜಾಯಿಂಟೇ ಬಿಚ್ಚಿಕೊಂಡು ಬರುತ್ತದೆ. ಜಾಯಿಂಟಿನ ಬಟ್ಟಲಿಗೂ ಗೇರ್ ಬಾಕ್ಸಿನ ಮೈಗೂ ನಡುವೆ ಟಾಮಿ ಇಟ್ಟು ಒಮ್ಮೆ ಮೀಟಿ. ಟಕ್ ಎಂದು ಹೊರಗೆ ಬರುತ್ತದೆ. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಂ, ಬಲ ಜಾಸ್ತಿಯಾದರೆ ಸೀಳುತ್ತದೆ. ಗಟ್ಟಿ ಪಕ್ಕೆ ಇರುವ ಜಾಗ ನೋಡಿ ಮೀಟಿ. ಇನ್ನೊಂದು ವಿಷಯ: ಎರಡೂ ಕಡೆಯ ಆಕ್ಸಲ್ ಬದಲಿಸುವುದಿದ್ದರೂ ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ. ಎರಡನ್ನೂ ಒಟ್ಟಿಗೆ ಎಳೆದರೆ ಆಕ್ಸಲ್ ತುದಿ ಕೂರುವ ಒಳಗಿನ ಸೈಡ್ ಗೇರ್ ಜಾಗ ತಪ್ಪಬಹುದು.

ಸೀಲ್, ಹೊಸ ಆಕ್ಸಲ್

ಹಳೆ ಸೀಲ್ ತೆಗೆಯುವ ಮೊದಲು ಅದು ಎಷ್ಟು ಆಳಕ್ಕೆ ಕೂತಿದೆ ಎಂದು ನೋಡಿ, ಬೇಕಾದರೆ ಫೋಟೊ ತೆಗೆಯಿರಿ. ಹೊಸದೂ ಅಷ್ಟೇ ಆಳಕ್ಕೆ ಹೋಗಬೇಕು. ಹಳೆಯದನ್ನು ಮೀಟಿ ತೆಗೆಯುವಾಗ ಕೂರುವ ಜಾಗಕ್ಕೆ ಗೀರು ಬೀಳಬಾರದು. ಹೊಸ ಸೀಲಿನ ಹೊರ ಅಂಚಿನಷ್ಟೇ ಅಗಲದ ಪೈಪ್ ತುಂಡು ಅಥವಾ ದೊಡ್ಡ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ. ತುಟಿಗೆ ತೆಳ್ಳಗೆ ಗ್ರೀಸ್ ಹಚ್ಚಿ.

ಹೊಸ ಆಕ್ಸಲನ್ನು ಹಳೆಯದರ ಪಕ್ಕ ಮಲಗಿಸಿ ಹೋಲಿಸಿ. ಉದ್ದ, ಎರಡೂ ತುದಿಯ ಹಲ್ಲಿನ ಲೆಕ್ಕ, ಸೀಲ್ ಕೂರುವ ಜಾಗದ ದಪ್ಪ ಒಂದೇ ಇರಬೇಕು. ಈ ಎರಡು ನಿಮಿಷ ಉಳಿಸಲು ಹೋಗಬೇಡಿ.

ಆಕ್ಸಲನ್ನು ನೆಟ್ಟಗೆ ಹಿಡಿದು ಸೀಲಿನ ಮೂಲಕ ಒಳಕ್ಕೆ ಬಿಡಿ. ಹಲ್ಲುಗಳು ಸೀಲಿನ ತುಟಿ ಕೊಯ್ಯುವುದು ಇಲ್ಲೇ. ಸ್ವಲ್ಪ ತಿರುಗಿಸಿದರೆ ಹಲ್ಲಿಗೆ ಹಲ್ಲು ಕೂರುತ್ತದೆ. ಆಮೇಲೆ ಒಂದೇ ದೂಡು. ಸರ್ಕ್ಲಿಪ್ ಟಕ್ ಎಂದು ಕೂರಬೇಕು. ಕೂತಿದೆಯೋ ಇಲ್ಲವೋ ಎಂದು ಒಳ ಜಾಯಿಂಟಿನ ಬಟ್ಟಲು ಹಿಡಿದು ಮೆಲ್ಲಗೆ ಎಳೆದು ನೋಡಿ. ಹೊರಗೆ ಬರಬಾರದು. ಕೂರದ ಆಕ್ಸಲ್ ಓಡುವಾಗ ಜಾರಿ ಹೊರಗೆ ಬಂದರೆ ಎಣ್ಣೆಯೆಲ್ಲ ರಸ್ತೆ ಪಾಲು.

ಹೊರತುದಿಯನ್ನು ಹಬ್ಬಿನೊಳಗೆ ತೂರಿಸಿ ನಟ್ಟನ್ನು ಕೈಯಲ್ಲಿ ತಿರುಗಿಸಿ. ಬಾಲ್ ಜಾಯಿಂಟ್ ಕೂರಿಸುವಾಗ ಅದರ ಕಡ್ಡಿಯ ಮೇಲಿನ ತೋಡು ಅಡ್ಡ ಬೋಲ್ಟಿನ ತೂತಿಗೆ ಎದುರಾಗಿರಬೇಕು. ಬೋಲ್ಟ್ ಸಲೀಸಾಗಿ ಹೋಗದಿದ್ದರೆ ಬಡಿಯಬೇಡಿ, ಆರ್ಮ್ ಸ್ವಲ್ಪ ಮೇಲೆತ್ತಿ.

ಆಕ್ಸಲ್ ನಟ್ಟಿನ ಬಿಗಿ ಸುಜುಕಿಯ ಈ ಚಿಕ್ಕ ಕಾರುಗಳಲ್ಲಿ ಸುಮಾರು 175 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ 18 ಕೆಜಿ ತೂಗುಹಾಕಿದಷ್ಟು. ಈ ಬಿಗಿಯೇ ವೀಲ್ ಬೇರಿಂಗನ್ನೂ ಒತ್ತಿ ಹಿಡಿಯುತ್ತದೆ. ಹಾಗಾಗಿ ನಟ್ ಬಿಗಿಯದೆ ಕಾರನ್ನು ಚಕ್ರದ ಮೇಲೆ ಇಳಿಸಿ ತಳ್ಳಬೇಡಿ. ಸ್ಟ್ಯಾಂಡ್ ಮೇಲಿರುವಾಗಲೇ ಬ್ರೇಕ್ ಒತ್ತಿಸಿ ಬಿಗಿ ಮಾಡಿ. ಆಮೇಲೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಇಲ್ಲವೇ ನಟ್ಟಿನ ಅಂಚನ್ನು ತೋಡಿಗೆ ಬಡಿದು ಕೂರಿಸಿ.

ಎಣ್ಣೆ ತುಂಬುವುದು

ಡ್ರೈನ್ ಬೋಲ್ಟನ್ನು ಒರೆಸಿ, ವಾಷರ್ ಅಥವಾ ಸೀಲೆಂಟ್ ಹಾಕಿ ಬಿಗಿ ಮಾಡಿ. ಅಲ್ಯೂಮಿನಿಯಂ ಥ್ರೆಡ್ ಆದ್ದರಿಂದ ಮೈಬಲವೆಲ್ಲ ಹಾಕಬೇಡಿ. ಈಗ ಕಾರು ಮಟ್ಟವಾಗಿರಬೇಕು. ಮೂತಿ ಎತ್ತಿದ ಕಾರಿನಲ್ಲಿ ಎಣ್ಣೆಯ ಮಟ್ಟ ತಪ್ಪು ತೋರಿಸುತ್ತದೆ. ನಾಲ್ಕು ಸ್ಟ್ಯಾಂಡ್ ಇದ್ದರೆ ನಾಲ್ಕರ ಮೇಲೂ ಸಮ ಎತ್ತರಕ್ಕೆ ಇಡಿ. ಇಲ್ಲದಿದ್ದರೆ ಚಕ್ರ ಹಾಕಿ ನೆಲಕ್ಕೆ ಇಳಿಸಿ.

ತುಂಬುವ ತೂತಿಗೆ ಪೈಪಿನ ಒಂದು ತುದಿ ಇಟ್ಟು, ಇನ್ನೊಂದನ್ನು ಬಾನೆಟ್ ಕಡೆಯಿಂದ ಮೇಲೆ ತಂದು ಆಲಿಕೆ ಸಿಕ್ಕಿಸಿ. ಗೇರ್ ಆಯಿಲ್ ಹರಳೆಣ್ಣೆಯಂತೆ ಮಂದ, ನಿಧಾನಕ್ಕೆ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆಯಾದರೆ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಡಿ. ಎರಡು ಲೀಟರ್ ಹೋದ ಮೇಲೆ ಮೆಲ್ಲಗೆ ಸುರಿಯಿರಿ. ನಾನು ಮೇಲೆ ಸುರಿಯುತ್ತಿದ್ದೆ, ಅಕ್ಕನ ಮಗ ಪಕ್ಕದಲ್ಲಿ ಬ್ಯಾಟರಿ ಹಿಡಿದು ತೂತನ್ನೇ ನೋಡುತ್ತಿದ್ದ. "ಮಾವ, ಬಂತು, ನಿಲ್ಸಿ" ಎಂದಾಗ ನಿಲ್ಲಿಸಿದೆ.

ಈ ಕಾರುಗಳಲ್ಲಿ ತುಂಬುವ ತೂತೇ ಮಟ್ಟ ಹೇಳುವ ತೂತು. ಎಣ್ಣೆ ತೂತಿನ ಕೆಳ ಅಂಚಿಗೆ ಬಂದು ತೊಟ್ಟಿಕ್ಕಿದರೆ ಸರಿಯಾಗಿದೆ. ಬಾಟಲಿಯ ಲೆಕ್ಕ ನಂಬಬೇಡಿ. ಒಳಗೆ ಎಷ್ಟು ಹಳೆ ಎಣ್ಣೆ ಉಳಿದಿದೆ ಎನ್ನುವುದರ ಮೇಲೆ ಅದು ಹೆಚ್ಚು ಕಡಿಮೆ ಆಗುತ್ತದೆ. ಐದು ನಿಮಿಷ ಬಿಡಿ, ಮಟ್ಟ ಇಳಿದಿದ್ದರೆ ಇನ್ನಷ್ಟು ಹಾಕಿ. ಜಾಸ್ತಿಯಾದದ್ದು ತಾನೇ ಹೊರಗೆ ಹರಿಯಲಿ, ಆಮೇಲೆ ಬೋಲ್ಟ್ ಮುಚ್ಚಿ. ನಮ್ಮ ಹಳೇ ಗೇರ್ ಬಾಕ್ಸಿನಲ್ಲಿ ಐದನೇ ಗೇರ್ ಮೊದಲು ಕೂಗಿದ್ದು ಸುಮ್ನೆ ಅಲ್ಲ. ಅದು ಕೇಸಿನ ತುದಿಯಲ್ಲಿ ಬೇರೆಯಾಗಿ ಕೂತಿರುತ್ತದೆ, ಎಣ್ಣೆ ಕಡಿಮೆಯಾದರೆ ಅಲ್ಲಿಗೆ ತಲುಪುವುದು ಕಷ್ಟ.

ಓಡಿಸಿ ನೋಡುವುದು

ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಹಳೆ ಆಲ್ಟೊದಲ್ಲಿ 85 ನ್ಯೂಟನ್ ಮೀಟರ್. ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಿದೆಯೇ ನೋಡಿ. ಎಂಜಿನ್ ಚಾಲು ಮಾಡಿ, ಕ್ಲಚ್ ಒತ್ತಿ ರಿವರ್ಸ್ ಸೇರಿ ಎಲ್ಲ ಗೇರ್‌ಗಳನ್ನೂ ಒಮ್ಮೆ ಹಾಕಿ ತೆಗೆಯಿರಿ. ಅಂಗಳದಲ್ಲೇ ಎರಡೂ ಕಡೆಗೆ ಫುಲ್ ಕಟ್ ಮಾಡಿ ನಿಧಾನಕ್ಕೆ ಸುತ್ತು ಹೊಡೆಯಿರಿ. ಕಟ್ ಕಟ್ ಸದ್ದು ಹೋಗಿರಬೇಕು.

ಹತ್ತು ಕಿಲೋಮೀಟರ್ ಓಡಿಸಿ ಬಂದು ಸೀಲಿನ ಸುತ್ತ, ಎರಡೂ ಬೋಲ್ಟಿನ ಸುತ್ತ ಬೆರಳಾಡಿಸಿ ನೋಡಿ. ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ರಟ್ಟು ಒಣಗಿದ್ದರೆ ಸೀಲ್ ಸರಿಯಾಗಿ ಕೂತಿದೆ. ನೂರು ಕಿಲೋಮೀಟರ್ ಒಳಗೆ ಚಕ್ರದ ನಟ್ ಇನ್ನೊಮ್ಮೆ ಬಿಗಿ ನೋಡಿ.

ಹಳೆ ಎಣ್ಣೆಯನ್ನು ಖಾಲಿ ಬಾಟಲಿಗಳಿಗೇ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಮ್ಮ ಕಡೆ ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ಇದೆ. ಮಳೆಗೆ ಅದು ತೊಳೆದು ಬಾವಿಗೂ ತೋಟಕ್ಕೂ ಇಳಿಯುತ್ತದೆ, ಹಾಗೆ ಮಾಡಬೇಡಿ. ಹಳೆ ಆಕ್ಸಲ್ ಕೂಡ ಎಸೆಯಬೇಡಿ. ಜಾಯಿಂಟ್ ಬದಲಿಸಿ ಮಾರುವವರು ಕೊಳ್ಳುತ್ತಾರೆ, ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ.